ಕೆಂಪಂಗಿಯ ಖಾರ

ಬ್ಯಾಡಗಿ
22-8-1993

ಶ್ರೀ ಪ್ರಭುಲಿಂಗಪ್ಪನವರಿಗೆ, ಟೇಲರ್ ಮಹಮ್ಮದ್ ಹನೀಫನ ನಮಸ್ಕಾರಗಳು.

ಹತ್ತು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ‘ನೀವು’ ಎಂದು ಬರೆಯುವಾಗ ಕೈ ತಡೆಯುತ್ತದೆ. ಕನ್ನಡ ಶಾಲೆಯಲ್ಲಿ ಒಂದೇ ಪಾಟಿಯ ಮೇಲೆ ಬರೆದು, ಒಂದೇ ಉಗುಳಿನಿಂದ ಅಳಿಸಿದವರು ನಾವು. ಆದರೆ ಈಗ ನೀವು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟ ದೊಡ್ಡ ಮನುಷ್ಯರು, ಮೇಲಾಗಿ ಹಾವೇರಿ ಫುಟ್‌ಬಾಲ್ ಟೂರ್ನಮೆಂಟ್ ಕಮಿಟಿಯ ಕಾರ್ಯದರ್ಶಿ. ನಾನು ಅರ್ಜಿ ಹಾಕಿದ ತಂಡದ ಮ್ಯಾನೇಜರ್. ಆದ್ದರಿಂದ ‘ನೀವು’ ಇರಲಿ.

ಹತ್ತು ವರ್ಷ ನಿಂತುಹೋಗಿದ್ದ ಟೂರ್ನಮೆಂಟನ್ನು ಮತ್ತೆ ನಡೆಸುತ್ತೀರೆಂದು ಕೇಳಿ ನಮ್ಮ ಹುಡುಗರು ಕುಣಿದಾಡಿದರು. ಹಳೆಯ ಪದ್ಧತಿಯಂತೆ ಅರ್ಜಿಯಲ್ಲಿ ತಂಡದ ಬಣ್ಣ ಯಾವುದು, ಯಾಕೆ ಆ ಬಣ್ಣ ಎಂದು ಎರಡು ಸಾಲು ಬರೆಯಬೇಕಿತ್ತು. ತಂಡಗಳು ಮೈದಾನಕ್ಕೆ ಇಳಿಯುವಾಗ ಮೈಕಿನಲ್ಲಿ ಓದುವ ಆ ಸಾಲುಗಳೇ ಅರ್ಧ ಟೂರ್ನಮೆಂಟು. ಗುತ್ತಲದವರು ‘ನೀಲಿ, ತುಂಗಭದ್ರೆಯ ಬಣ್ಣ’ ಎಂದು ಓದಿಸಿದಾಗ ಜನ ಹೇಗೆ ಸಿಳ್ಳೆ ಹಾಕಿದ್ದರು, ನೆನಪಿರಬೇಕು. ನಾನು ಬರೆದದ್ದು ಇಷ್ಟೇ: ‘ಕೆಂಪು. ನಮ್ಮೂರ ಮೆಣಸಿನಕಾಯಿಯ ಬಣ್ಣ.’

ನಿನ್ನೆ ಅರ್ಜಿ ಮರಳಿ ಬಂತು. ಮೇಲೆ ನಿಮ್ಮ ಅಕ್ಷರ: ‘ಈ ಬಣ್ಣಕ್ಕೆ ಒಪ್ಪಿಗೆ ಇಲ್ಲ.’ ಕಾರಣ ಬರೆದಿಲ್ಲ. ಹುಡುಗರು ನನ್ನ ಮಶಿನ್ನಿನ ಸುತ್ತ ನಿಂತು ಕೇಳುತ್ತಿದ್ದಾರೆ. ಏನು ಹೇಳಲಿ?

ಯುಗಾದಿಯ ಮುಂದೆ ನಿಮ್ಮ ತಂದೆ ಅಜ್ಜಪ್ಪ ಕಾಕಾ ತೀರಿಕೊಂಡಾಗ ಮಣ್ಣಿಗೆ ಬಂದಿದ್ದೆ. ನಿಮ್ಮ ಬಲಕ್ಕೆ, ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ನೀವು ನೋಡಲಿಲ್ಲ.

ಇಂತಿ,
ಮಹಮ್ಮದ್ ಹನೀಫ್


ರಾಣೆಬೆನ್ನೂರು
5-9-1993

ಹನೀಫ್,

ನನಗೆ ಬಹುವಚನ ಬೇಡ. ನಿನ್ನ ಬಾಯಿಂದ ಗೌರವ ಬಂದರೆ ನನಗೆ ಮೈ ಉರಿಯುತ್ತದೆ.

ನೀನು ಬಲಕ್ಕೆ ನಿಂತಿದ್ದರೆ ನಾನು ನೋಡುವುದು ಹೇಗೆ? ಬಲಗಣ್ಣಿಗೆ ಹೂ ಬಿದ್ದು ಹತ್ತು ವರ್ಷವಾಯಿತು. ಆ ಕಡೆ ನನಗೆ ಎಲ್ಲ ಮಜ್ಜಿಗೆ ಕಲಕಿದ ಹಾಗೆ.

ಕಾರಣ ಬರೆದಿಲ್ಲ ಎನ್ನುತ್ತೀಯ. ಬರೆಯುತ್ತೇನೆ, ನಿನ್ನ ಹುಡುಗರಿಗೆ ಓದಿ ಹೇಳು. 1983ರ ಸೆಪ್ಟೆಂಬರ್, ಹಾವೇರಿಯಲ್ಲಿ ಫೈನಲ್. ಒಂದು ಕಡೆ ನಮ್ಮ ರಾಣೆಬೆನ್ನೂರು ಕಾಲೇಜಿನ ತಂಡ, ನಾನು ಗೋಲ್‌ಕೀಪರ್. ಇನ್ನೊಂದು ಕಡೆ ನನ್ನ ಹುಟ್ಟೂರಿನವರು, ನೀನು ಕ್ಯಾಪ್ಟನ್. ಮೊದಲ ಸಲ ನೀವು ಕೆಂಪು ಬನಿಯನ್ ಹಾಕಿಕೊಂಡು ಬಂದಿದ್ದಿರಿ. ಬ್ಯಾಡಗಿ ಮೆಣಸಿನಕಾಯಿಯಿಂದಲೇ ಬಣ್ಣ ಹಾಕಿದ್ದೆಂದು ಮೈಕಿನಲ್ಲಿ ಓದಿದಾಗ, ಎದುರಾಳಿಯಾದರೂ ನಾನೂ ಚಪ್ಪಾಳೆ ತಟ್ಟಿದ್ದೆ. ಆಮೇಲೆ ಮಳೆ ಬಂತು. ಕೊನೆಯ ಹತ್ತು ನಿಮಿಷ, ಇಬ್ಬರದೂ ಗೋಲಿಲ್ಲ. ನಿಮ್ಮ ಫಕ್ಕೀರೇಶ ನುಗ್ಗಿ ಬಂದ. ಇಬ್ಬರೂ ಡಿಕ್ಕಿ ಹೊಡೆದು ಕೆಸರಿಗೆ ಬಿದ್ದೆವು. ಅವನ ಬನಿಯನ್ ನನ್ನ ಮುಷ್ಟಿಯಲ್ಲಿತ್ತು. ಎದ್ದು, ಕಣ್ಣಿಗೆ ಬಿದ್ದ ಕೆಸರನ್ನು ಅದೇ ಕೈಯಿಂದ ಒರೆಸಿಕೊಂಡೆ.

ಮುಂದಿನದು ನಿನಗೆ ಗೊತ್ತು. ನಾನು ಕಣ್ಣು ತಿಕ್ಕುತ್ತಾ ಚೀರುತ್ತಿದ್ದೆ. ನೀನು ಚೆಂಡನ್ನು ಖಾಲಿ ಗೋಲಿಗೆ ಹೊಡೆದೆ.

ತಿಕ್ಕಿ ತಿಕ್ಕಿ ಕೆಸರಿನ ಹರಳು ಕಣ್ಣನ್ನು ಗೀರಿತು, ಗೀರಿದ್ದು ಹುಣ್ಣಾಯಿತು, ಹುಣ್ಣು ಹೂವಾಯಿತು. ಮರುತಿಂಗಳು ಪೊಲೀಸ್ ತಂಡದ ಆಯ್ಕೆಗೆ ಹೋಗಬೇಕಿದ್ದವನು ಬೀಜದ ಪೊಟ್ಟಣ ಮಾರುತ್ತಾ ಕೂತೆ. ಬ್ಯಾಡಗಿ ಮೆಣಸಿನಕಾಯಿ ಇಷ್ಟು ಉರಿಯುವುದಿಲ್ಲವಲ್ಲ ಎಂದು ಹಿರಿಯರು ಕೇಳಿದಾಗ, ಮೆಣಸಿನಕಾಯಿ ವ್ಯಾಪಾರದ ನಮ್ಮ ಅಡತಿ ಅಂಗಡಿಯಲ್ಲಿ, ನಮ್ಮಪ್ಪನ ಎದುರಿಗೆ ನೀನೇ ಒಪ್ಪಿಕೊಂಡೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಾನು ಅಲ್ಲೇ ಕೂತಿದ್ದೆ. ನಿನ್ನ ದನಿ ಇನ್ನೂ ಕಿವಿಯಲ್ಲಿದೆ: “ಹೌದ್ರಿ, ನಾನೇ ಬ್ಯಾರೆ ಖಾರ ಕೂಡ್ಸೀನಿ.”

ಈಗ ಅದೇ ಬಣ್ಣವನ್ನು ಊರಿನ ಹೆಮ್ಮೆ ಎಂದು ನಾನು ಮೈಕಿನಲ್ಲಿ ಓದಬೇಕೇ? ಎರಡು ದಾರಿ ಇವೆ. ಬಣ್ಣ ಬಿಡಿ. ಇಲ್ಲವೇ ಅರ್ಜಿಯಲ್ಲಿ ಖರೇ ಕಾರಣ ಬರಿ: ‘ಕೆಂಪು. ಗೆಳೆಯನ ಕಣ್ಣು ಕಳೆದ ಬಣ್ಣ.’ ದೀಪಾವಳಿಯೊಳಗೆ ಉತ್ತರ ಬರದಿದ್ದರೆ ಬ್ಯಾಡಗಿ ತಂಡ ಟೂರ್ನಮೆಂಟಿನಲ್ಲಿ ಇರುವುದಿಲ್ಲ.

ಪ್ರಭುಲಿಂಗಪ್ಪ
ಕಾರ್ಯದರ್ಶಿ


ಬ್ಯಾಡಗಿ
27-9-1993

ಪ್ರಭು,

ಹಾಗಾದರೆ ‘ನೀನು’ ಎಂದೇ ಬರೆಯುತ್ತೇನೆ.

ನಿನ್ನ ಪತ್ರವನ್ನು ಹುಡುಗರಿಗೆ ಓದಲಿಲ್ಲ. ಬಣ್ಣ ಬದಲಿಸೋಣ ಎಂದಷ್ಟೇ ಹೇಳಿ ಸಭೆ ಕರೆದೆ. ಅದು ಸಭೆಯಲ್ಲ, ಸಂತೆ. ಹಸಿರು ಎಂದರೆ ಒಬ್ಬ ನನ್ನ ಟೊಪ್ಪಿಗೆ ನೋಡಿದ. ಕೇಸರಿ ಎಂದರೆ ಇನ್ನೊಬ್ಬ ಎದ್ದು ಹೊರಟ. ಕಳೆದ ಚಳಿಗಾಲದ ಗಲಭೆಗಳ ನಂತರ ಬಣ್ಣದ ಹೆಸರು ತೆಗೆದರೆ ಸಾಕು, ಜನ ಅದಕ್ಕೊಂದು ಜಾತಿ ಹಚ್ಚುತ್ತಾರೆ. ಫಕ್ಕೀರೇಶ ಈಗ ನಮ್ಮ ಕೋಚ್, ಹೊಟ್ಟೆ ಬಂದಿದೆ, ಬಾಯಿ ಹಾಗೇ ಇದೆ. “ಕೆಂಪು ಒಂದೇ ರೀ ಎಲ್ಲಾರ ಮನಿ ಅಡಗಿಯಾಗ ಇರೂದು. ಅದನ್ನ ಬಿಟ್ರ ಈ ಟೀಮ್ ಎರಡು ಹೋಳಾಕ್ಕೈತಿ ನೋಡ್ರಿ” ಎಂದ. ಅವನ ಮಾತು ಸುಳ್ಳಲ್ಲ. ಹನ್ನೊಂದು ಹುಡುಗರಲ್ಲಿ ಐವರು ನಮ್ಮವರು, ಆರು ಮಂದಿ ನಿಮ್ಮವರು. ಈ ವರ್ಷ ಊರಿನಲ್ಲಿ ಅವರು ಒಟ್ಟಿಗೆ ಕೂತು ಚಹಾ ಕುಡಿಯುವ ಜಾಗ ಮೈದಾನದ ಕಟ್ಟೆ ಒಂದೇ.

ಅಂದು ಬಣ್ಣ ಹಾಕಿದ್ದು ಹೇಗೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಪೇಟೆಯ ಬಣ್ಣ ತರಲು ನಮಗೆ ಬಿಗುಮಾನ. ಜಗತ್ತಿಗೆಲ್ಲ ಕೆಂಪು ಕೊಡುವ ಊರಿನವರು ಪುಡಿಕೆ ಬಣ್ಣ ಕೊಳ್ಳುವುದೇ ಎಂದು. ಮೆಣಸಿನಪುಡಿಯನ್ನು ನೀರಲ್ಲಿ ಕುದಿಸಿದೆವು, ಬನಿಯನ್ನಿಗೆ ಹತ್ತಲಿಲ್ಲ. ಅವ್ವ ನಕ್ಕಳು: “ಒಗ್ಗರಣಿ ಕೆಂಪಾಗೂದು ನೀರಿನ್ಯಾಗ ಏನೋ ಹುಚ್ಚಾ? ಎಣ್ಣಿ ತಗೊಂಡ ಬಾ.” ಶೇಂಗಾ ಎಣ್ಣೆಯಲ್ಲಿ ಪುಡಿ ಕಾಸಿ, ಸೋಸಿ, ಹನ್ನೊಂದು ಬನಿಯನ್ನುಗಳಿಗೆ ಕೈಯಿಂದ ನಾದಿ ನಾದಿ ಹಚ್ಚಿದಳು. ಹಬ್ಬದ ಸೀರೆಯ ಹಾಗೆ ಬಣ್ಣ ಬಂತು. ಆ ರಾತ್ರಿ ಅವಳ ಕೈ ಮುಳುಗಿದ್ದು ತಣ್ಣೀರಿನ ಬೋಗುಣಿಯಲ್ಲಿ. ಮರುದಿನದಿಂದ ನಮ್ಮ ಹನ್ನೊಂದು ಜನರ ಎದೆ, ಬೆನ್ನು ಎಂಟು ದಿನ ಉರಿದವು. ಅದು ಬಿಡು.

ಆಮೇಲಿನ ವರ್ಷಗಳಲ್ಲಿ ಪೇಟೆಯ ಕೆಂಪು ಬಟ್ಟೆಯನ್ನೇ ಹೊಲಿದೆ. ದಸರೆಗೆ ಮುಂಚೆ ನನ್ನ ಅಂಗಡಿಗೆ ಹೆಸರಿಲ್ಲದ ಒಂದು ಬಟ್ಟೆಯ ಗಂಟು ಬರುತ್ತಿತ್ತು. ಈ ವರ್ಷ ಇನ್ನೂ ಬಂದಿಲ್ಲ, ಬರುವುದೂ ಇಲ್ಲ. ಹಳೆಯ ಅಂಗಿಗಳಿಗೇ ತೇಪೆ ಹಾಕುತ್ತಿದ್ದೇನೆ.

ಅಂದು ಅಂಗಡಿಯಲ್ಲಿ ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ತಪ್ಪು ನನ್ನದು. ಶಿಕ್ಷೆ ನನಗೆ ಕೊಡು, ಮ್ಯಾನೇಜರ್ ಕೆಲಸ ಬಿಡುತ್ತೇನೆ, ಹಾವೇರಿಗೆ ಕಾಲಿಡುವುದಿಲ್ಲ. ಹುಡುಗರ ಮೈಮೇಲಿನ ಬಣ್ಣ ಕೀಳಬೇಡ.

ಹನೀಫ್


ರಾಣೆಬೆನ್ನೂರು
10-10-1993

ಹನೀಫ್,

ನಿನ್ನ ಪತ್ರವನ್ನು ಹರಿದು ಹಾಕಬೇಕೆಂದಿದ್ದೆ. ಒಂದು ಸಾಲು ಬಿಡಲಿಲ್ಲ. ಹನ್ನೊಂದು ಜನರ ಎದೆ, ಬೆನ್ನು ಎಂಟು ದಿನ ಉರಿದವು ಎಂದು ಬರೆದಿದ್ದೀಯ. ಬರೆದು, ‘ಅದು ಬಿಡು’ ಎಂದಿದ್ದೀಯ. ನಾನು ಬಿಡುವುದಿಲ್ಲ.

ಬೇಕೆಂದೇ ಖಾರ ಕೂಡಿಸಿದವನು ಅದನ್ನು ತನ್ನ ಬರಿ ಮೈಗೆ ಹಾಕಿಕೊಳ್ಳುತ್ತಾನೆಯೇ? ತನ್ನ ಅವ್ವನ ಕೈಯಿಂದ ನಾದಿಸುತ್ತಾನೆಯೇ? ನೀನು ಹಟಮಾರಿ, ಹುಚ್ಚನಲ್ಲ.

ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಇದು ನಮ್ಮೂರ ತೊಟ್ಟಿಲ ಕೂಸಿಗೂ ಗೊತ್ತು. ನಮ್ಮ ಪೇಟೆಯಲ್ಲಿ ಗುಂಟೂರು ಮಾಲು ಕೇಳಿದವನನ್ನು ಜನ ಕಳ್ಳನ ಹಾಗೆ ನೋಡುತ್ತಾರೆ. ನಮ್ಮ ಅಡತಿ ಅಂಗಡಿಯಲ್ಲಿ ಚೀಲ ತೂಗುತ್ತಿದ್ದ ಬುಡನಸಾಬರ ಮಗ ನೀನು, ಆ ಪುಡಿಯನ್ನು ಎಲ್ಲಿಂದ ತಂದೆ? ನಿನಗೆ ಯಾರೋ ವ್ಯಾಪಾರಿ ಕೊಟ್ಟಿದ್ದಾನೆ. ಬೆರಕೆ ಮಾಡುವ ಕಳ್ಳ ವ್ಯಾಪಾರಿ. ನಮ್ಮಪ್ಪ ನಲವತ್ತು ವರ್ಷ ಶುದ್ಧ ಬ್ಯಾಡಗಿ ಎಂದು ಎದೆ ತಟ್ಟಿ ಮಾರಿದ ಪೇಟೆಯಲ್ಲಿ ಅಂಥವನೊಬ್ಬ ಇದ್ದ, ನೀನು ಅವನ ಹೆಸರು ಮುಚ್ಚಿಟ್ಟಿದ್ದೀಯ.

ಹೆಸರು ಬೇಕು. ಒಂದೇ ಸಾಲಿನಲ್ಲಿ ಬರಿ. ಬರೆಯದಿದ್ದರೆ ಟೂರ್ನಮೆಂಟಿನ ದಿನ ಎಲ್ಲ ಊರಿನ ಜನರ ಮುಂದೆ ಮೈಕಿನಲ್ಲಿ ಕೇಳುತ್ತೇನೆ. ಪಕ್ಕದಲ್ಲಿ ನಿಮ್ಮ ಅವ್ವನನ್ನೂ ನಿಲ್ಲಿಸಿ ಕೇಳುತ್ತೇನೆ.

ಪ್ರಭುಲಿಂಗಪ್ಪ


ಬ್ಯಾಡಗಿ
16-10-1993

ಪ್ರಭು,

ನಾವು ಬಿಳಿ ಅಂಗಿಯಲ್ಲಿ ಬರುತ್ತೇವೆ. ಹುಡುಗರನ್ನು ಒಪ್ಪಿಸಿದ್ದೇನೆ. ಇಬ್ಬರು ತಂಡ ಬಿಟ್ಟರು, ಇರಲಿ. ಹೊಸ ಅರ್ಜಿ ಇದರ ಜೊತೆಗಿದೆ. ಬಣ್ಣ: ಬಿಳಿ. ಕಾರಣ: ಏನೂ ಇಲ್ಲ.

ನೀನು ಕೇಳಿದ್ದು ಇದನ್ನೇ. ಕೊಟ್ಟಿದ್ದೇನೆ. ಇನ್ನು ಯಾರನ್ನೂ ಏನೂ ಕೇಳಬೇಡ. ಅವ್ವನ ಹೆಸರು ಎತ್ತಬೇಡ. ಕೈಮುಗಿಯುತ್ತೇನೆ.

ಹನೀಫ್


ರಾಣೆಬೆನ್ನೂರು
18-11-1993

ಹನೀಫ್,

ಇದು ನಾಲ್ಕನೆಯ ಹಾಳೆ. ಮೂರು ಹರಿದೆ.

ನೀನು ಅಷ್ಟು ಸುಲಭವಾಗಿ ಬಿಳಿಗೆ ಒಪ್ಪಿದಾಗ ನನಗೆ ಸಂತೋಷವಾಗಬೇಕಿತ್ತು. ಭಯವಾಯಿತು. ಬುಡನಸಾಬರ ಮಗ ಗೋಲಿ ಆಟದಲ್ಲೂ ಸೋಲು ಒಪ್ಪಿದವನಲ್ಲ. ನೀನು ಕಾಪಾಡುತ್ತಿದ್ದುದು ಕಳ್ಳ ವ್ಯಾಪಾರಿಯನ್ನಲ್ಲ ಎಂದು ಅನಿಸತೊಡಗಿತು.

ದೀಪಾವಳಿಗೆ ಬ್ಯಾಡಗಿಗೆ ಬಂದಿದ್ದೆ. ನಿನ್ನ ಅಂಗಡಿಯ ಮುಂದೆಯೇ ಹಾದು ಹೋದೆ, ನೀನು ಬಗ್ಗಿ ಬಿಳಿ ಬಟ್ಟೆ ಹೊಲಿಯುತ್ತಿದ್ದೆ. ಮನೆಯಲ್ಲಿ ಅವ್ವ ಹಬ್ಬದ ಊಟಕ್ಕೆ ಬಡಿಸಿದಳು. ಪಲ್ಯದ ಪಾತ್ರೆ ಎರಡು. ಒಂದು ಕೆಂಪು, ಒಂದು ಬಿಳಚಿಕೊಂಡದ್ದು, ಅಪ್ಪನಿಗೆಂದು ಖಾರವಿಲ್ಲದೆ ಮಾಡುತ್ತಿದ್ದುದು. ಅಪ್ಪ ಹೋದ ಮೇಲೂ ಕೈ ರೂಢಿ ಬಿಟ್ಟಿಲ್ಲ. ಹೊಟ್ಟೆಹುಣ್ಣಿಗಾಗಿ ಅಪ್ಪ ಖಾರ ಬಿಟ್ಟನೆಂದು ನಾನು ತಿಳಿದಿದ್ದೆ. ಬಿಟ್ಟದ್ದು ನನ್ನ ಕಣ್ಣು ಹೋದ ವರ್ಷವೇ ಎಂದು ಆಗ ಹೊಳೆಯಿತು. ನೋಡುತ್ತಾ ಕೂತವನ ಬಾಯಿಂದ ಬಂದೇ ಬಿಟ್ಟಿತು: “ಯವ್ವಾ, ಹನೀಫನ ಬನಿಯನ್ನಿನ ಪುಡಿ ಯಾರ ಅಂಗಡೀದು?”

ಅವ್ವ ಸೌಟು ಕೆಳಗಿಟ್ಟಳು. ಆಮೇಲೆ ಹೇಳಿದಳು, ಅವಳ ಮಾತಿನಲ್ಲೇ ಬರೆಯುತ್ತೇನೆ:

“ನಮ್ಮ ಅಂಗಡೀದು. ನಿಮ್ಮಪ್ಪನೇ ಕೊಟ್ಟಾನ. ಹನೀಫನ ಅವ್ವ ಶರೀಫಾಬಿ ಬಂದು, ಹುಡುಗ್ರು ಬಣ್ಣಕ್ಕ ಕೇಳ್ತಾರ್ರಿ ಅಂದ್ಲು. ಮಳಿಗಾಲ, ಹೊಸಾ ಮಾಲು ಬರಾಕ ಇನ್ನೂ ನಾಕು ತಿಂಗಳಿತ್ತು. ಇದ್ದ ಮಾಲಿಗೆ ಗುಂಟೂರು ಕೂಡ್ಸಿ ಬೀಸಿ, ಬ್ಯಾಡಗಿ ಪುಡಿ ಅಂತ ಕಳಸಾಕತ್ತಿದ್ದ. ಅದೇ ಡಬ್ಬಿಯಾಗಿಂದ ತಗದು ಕೊಟ್ಟ. ಕಪಟ ಇರಲಿಲ್ಲಪಾ, ತಿನ್ನೂದಕ್ಕಲ್ಲ ಬಣ್ಣಕ್ಕ ಅಂತ ಕೊಟ್ಟ. ನಿನ್ನ ಕಣ್ಣಿಗೆ ಬರತೈತಿ ಅಂತ ಯಾರಿಗೆ ಗೊತ್ತಿತ್ತು? ಅವತ್ತಿನಿಂದ ಖಾರ ಮುಟ್ಟಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ತಾನೇ ಅಂತಿದ್ದ.”

ನಿಮ್ಮ ತಂಡಕ್ಕೆ ಬರುತ್ತಿದ್ದ ಕೆಂಪು ಬಟ್ಟೆಯ ಗಂಟು ಯಾರದೆಂದೂ ಕೇಳಿದೆ. ಅವಳು ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದಳು.

ಹತ್ತು ವರ್ಷ, ಹನೀಫ್. ಹತ್ತು ವರ್ಷ ನನ್ನ ಕಣ್ಣಿಗೆ ಮಣ್ಣು ಹಾಕಿದವರು ನಮ್ಮ ಮನೆಯಲ್ಲೇ ಇದ್ದರು. ನಾನು ನಿನ್ನ ಮೇಲೆ ಹಲ್ಲು ಕಡಿಯುತ್ತಿದ್ದೆ. ನಿನ್ನ ಮದುವೆಗೆ ಬರಲಿಲ್ಲ. ನಿಮ್ಮಪ್ಪ ಸತ್ತಾಗ ಬರಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡೋಣವೆಂದರೆ ಆತ ಇಲ್ಲ. ನಿನ್ನ ಮೇಲೇ ಸಿಟ್ಟು ಬರುತ್ತಿದೆ, ಮೊದಲಿಗಿಂತ ಹೆಚ್ಚು. ನನ್ನಿಂದ ಈ ಪಾಪ ಮಾಡಿಸಲು ನಿನಗೆ ಯಾರು ಅಧಿಕಾರ ಕೊಟ್ಟರು? ಯಾಕೆ ಹೌದೆಂದೆ?

ಪ್ರಭು


ಬ್ಯಾಡಗಿ
28-11-1993

ಪ್ರಭು,

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. “ಪ್ರಭೂನ ಕಣ್ಣು ನನ್ನ ಕೈಯಾಗ ಹೋತು ಅಂತ ದಿನಾ ನಮಾಜಿನ್ಯಾಗ ಅಳತಿದ್ನಿ” ಎಂದಳು. ಖಾರ ಎಲ್ಲಿಯದೆಂದು ಅವಳ ಕೈಗೆ ಆ ರಾತ್ರಿಯೇ ಗೊತ್ತಾಗಿತ್ತು. ವರ್ಷಗಟ್ಟಲೆ ನಿಮ್ಮ ಗೋದಾಮಿನಲ್ಲಿ ತೊಟ್ಟು ಬಿಡಿಸಿದ ಕೈ. ಎಣ್ಣೆ ಬಿಸಿಯಿತ್ತು, ಅದಕ್ಕೇ ಉರಿ ಎಂದು ತನಗೆ ತಾನೇ ಹೇಳಿಕೊಂಡಳು. ನನಗೆ ಹೇಳಿದ್ದು ಆಟ ಮುಗಿದ ಮೇಲೆ.

ಯಾಕೆ ಹೌದೆಂದೆ ಎಂದು ಕೇಳಿದ್ದೀಯ. ನೀನು ಅಂಗಡಿಯಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿದ್ದೆ. ನನ್ನ ದನಿ ಕೇಳಿದೆ, ನಿಮ್ಮಪ್ಪನನ್ನು ನೋಡಲಿಲ್ಲ. ನಾನು ನೋಡಿದೆ. ಹಿರಿಯರು “ಖಾರ ಎಲ್ಲಿದು ಹೇಳಲೇ” ಎಂದು ನನ್ನನ್ನು ಗದರಿಸುತ್ತಿದ್ದರು. ಗಾದಿಯ ಮೇಲೆ ಕೂತಿದ್ದ ಕಾಕಾ ಧೋತರದ ಮಡಿಲಲ್ಲಿ, ಯಾರಿಗೂ ಕಾಣದ ಹಾಗೆ, ಎರಡೂ ಕೈ ಜೋಡಿಸಿ ನನಗೆ ಮುಗಿಯುತ್ತಿದ್ದರು. ನನಗೆ ಪಾಟಿ ಕೊಡಿಸಿದ ಮನುಷ್ಯ, ಇಪ್ಪತ್ತು ವರ್ಷದ ಹುಡುಗನಿಗೆ ಕೈ ಮುಗಿಯುತ್ತಿದ್ದರು. ನಾನು ಖರೇ ಹೇಳಿದ್ದರೆ ಸಂಜೆಯೊಳಗೆ ಆ ಅಂಗಡಿಗೆ ಬೀಗ ಬೀಳುತ್ತಿತ್ತು. ನಮ್ಮಪ್ಪನ ತಕ್ಕಡಿ, ತೊಟ್ಟು ಬಿಡಿಸುವ ಇಪ್ಪತ್ತು ಹೆಂಗಸರ ಕೂಲಿ ಎಲ್ಲ ಅದರ ಜೊತೆಗೆ. ನಾಲಿಗೆ ತಾನಾಗಿ ಹೌದೆಂದಿತು.

ನನ್ನನ್ನು ಸಂತನೆಂದು ತಿಳಿಯಬೇಡ. ನೀನು ಚೀರುತ್ತಿದ್ದುದು ನನಗೆ ಕೇಳಿಸಿತ್ತು. ಆದರೂ ಚೆಂಡು ಹೊಡೆದೆ. ಗೋಲಾದ ಮೇಲೆ ಕುಣಿದೆ ಕೂಡ. ಆಮೇಲೆ ತಿರುಗಿ ನಿನ್ನನ್ನು ನೋಡಿದೆ. ಆ ಪಾಪ ಪೂರಾ ನನ್ನದು. ಅದಕ್ಕಾಗಿ ಬೇರೆಯವರ ಪಾಪವನ್ನೂ ಹೊತ್ತೆ, ಒಟ್ಟಿಗೆ ತೀರಲಿ ಎಂದು.

ಮರುವರ್ಷ ಕಾಕಾ ಕೆಂಪು ಬಟ್ಟೆಯ ಗಂಟನ್ನು ತಾವೇ ಹೊತ್ತು ತಂದರು. ನಾನು ಬಣ್ಣ ಬದಲಿಸಬೇಕೆಂದಿದ್ದೆ. ಅವರು ಬಿಡಲಿಲ್ಲ. “ಬ್ಯಾಡೋ ಹನೀಫಾ, ಇದೇ ಇರ್ಲಿ. ಪ್ರತಿ ಐತವಾರ ಮೈದಾನಕ್ಕ ಬಂದು ನೋಡತೇನಿ. ನಾ ಮರೀಬಾರ್ದು” ಎಂದರು. ನಾವು ಮೆಣಸಿನಕಾಯಿಯ ಹೆಮ್ಮೆಗೆಂದು ಹಾಕಿಕೊಂಡ ಬಣ್ಣ ಅವರಿಗೆ ತಮ್ಮ ತಪ್ಪಿನ ನೆನಪಾಯಿತು. ಹುಡುಗರಿಗೆ ಗೊತ್ತಿಲ್ಲ.

ಒಂದೇ ಬೇಡಿಕೆ. ಇದನ್ನು ಮೈಕಿಗೆ ಒಯ್ಯಬೇಡ. ಅಂಗಡಿ ನಡೆಸುವ ನಿನ್ನ ತಮ್ಮ ಈಗ ಶುದ್ಧ ಮಾಲು ಮಾರುತ್ತಾನೆ. ನಿನ್ನ ಅವ್ವ ಸೋಮವ್ವ ಕಾಕಿ ಆ ಪೇಟೆಯಲ್ಲೇ ತಲೆ ಎತ್ತಿ ನಡೆಯಬೇಕು. ಬಿಳಿ ಅಂಗಿ ತಯಾರಾಗಿವೆ. ನಾವು ಬಿಳಿಯಲ್ಲೇ ಆಡುತ್ತೇವೆ.

ಹನೀಫ್


ರಾಣೆಬೆನ್ನೂರು
27-12-1993

ಪ್ರೀತಿಯ ಹನೀಫ್,

ಈ ಪತ್ರದ ಜೊತೆಗೆ ಒಂದು ಗಂಟು ಕಳಿಸಿದ್ದೇನೆ. ಬಿಚ್ಚಿ ನೋಡುವ ಮೊದಲೇ ನಿನಗೆ ಗೊತ್ತಾಗಿರಬೇಕು. ಈ ಸಲ ಮೇಲೆ ಕಳಿಸಿದವನ ಹೆಸರಿದೆ. ಟೂರ್ನಮೆಂಟಿಗೆ ಹನ್ನೆರಡು ದಿನ ಉಳಿದಿವೆ. ಹನ್ನೊಂದು ಅಂಗಿ ಹೊಲಿಯಲು ನಿನಗೆ ಅಷ್ಟು ಸಾಕು, ಹರಟೆ ಕಡಿಮೆ ಹೊಡೆದರೆ. ತಂಡ ಬಿಟ್ಟ ಇಬ್ಬರನ್ನೂ ಕರೆದು ತಾ.

ನಿನ್ನ ಬಿಳಿ ಅರ್ಜಿಯನ್ನು ಹರಿದಿದ್ದೇನೆ. ಹೊಸದನ್ನು ನಾನೇ ತುಂಬಿದೆ.

ನೀನು ಬೇಡವೆಂದದ್ದರಿಂದ ಹದಿನೈದು ದಿನ ಒದ್ದಾಡಿದೆ. ಆಮೇಲೆ ಬ್ಯಾಡಗಿಗೆ ಹೋಗಿ ತಮ್ಮನನ್ನೂ ಅವ್ವನನ್ನೂ ಕೂರಿಸಿಕೊಂಡು ಹೇಳಿದೆ. ತಮ್ಮ ಹಾರಾಡಿದ. ಅಂಗಡಿ ಮುಳುಗುತ್ತದೆ ಎಂದ, ಸತ್ತವರ ಮುಖಕ್ಕೆ ಮಸಿ ಎಂದ. ಅವನ ಭಯ ಸುಳ್ಳಲ್ಲ, ನನಗೂ ಅದೇ ಭಯ. ಅವ್ವ ಎಲ್ಲ ಕೇಳಿ ಒಂದೇ ಮಾತು ಅಂದಳು: “ಹತ್ತು ವರ್ಷ ಆ ಸಾಬರ ಹುಡುಗ ನಮ್ಮ ಮನಿ ಮಸಿ ತನ್ನ ಮುಖಕ್ಕ ಹಚ್ಕೊಂಡು ತಿರಗ್ಯಾನ. ಇನ್ನ ಸಾಕು. ನೀ ಓದಪಾ. ನಾನೂ ಬರತೇನಿ, ಮುಂದ ಕುಂದರತೇನಿ.” ತಮ್ಮ ಎದ್ದು ಒಳಗೆ ಹೋದ. ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಶರೀಫಾ ಖಾಲಾಳನ್ನು ಅವ್ವನ ಪಕ್ಕದಲ್ಲಿ ಕೂರಿಸು.

ನಿಮ್ಮ ತಂಡ ಇಳಿಯುವಾಗ ಮೈಕಿನಲ್ಲಿ ನಾನು ಓದುವುದು ಇದು. ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ಹೇಳುತ್ತಿದ್ದೇನೆ:

‘ಬ್ಯಾಡಗಿ ತಂಡ. ಕೆಂಪು. ಬಣ್ಣ ಊರಿನದು. ಅದರೊಳಗಿದ್ದ ಖಾರ ನಮ್ಮ ಅಂಗಡಿಯದು. ಹೀಗೆಂದು ಓದುತ್ತಿರುವವನು ಅಡತಿ ಅಂಗಡಿ ಅಜ್ಜಪ್ಪನ ಹಿರಿಯ ಮಗ.’

ಓದುವಾಗ ನೀನು ಹತ್ತಿರ ನಿಂತಿರಬೇಕು. ಮಣ್ಣಿನ ದಿನ ನಿಂತ ಹಾಗೆ ನಿಲ್ಲಬೇಡ ಮತ್ತೆ. ನನ್ನ ಎಡಗಡೆ ನಿಲ್ಲು, ಕಾಣುವ ಕಡೆ.

ನಿನ್ನ,
ಪ್ರಭು